ಆಯುಧಪೂಜೆಯ ಹರಳೆಣ್ಣೆ

ಯಲಹಂಕದ ನಮ್ಮ ಬೀದಿಯಲ್ಲಿ ಆಗ ಎಲ್ಲರ ಮನೆ ಮುಂದೆಯೂ ಏನಾದರೊಂದು ನಿಂತಿರುತ್ತಿತ್ತು. ಕೆಲವರ ಮನೆ ಮುಂದೆ ಎತ್ತಿನ ಗಾಡಿ, ಕೆಲವರ ಮನೆ ಮುಂದೆ ಸೈಕಲ್ಲು, ಮೂಲೆಮನೆಯ ಮುಂದೆ ಮುರಿದ ಜಟಕಾ. ಮೋಟರ್ ಸೈಕಲ್ ಇದ್ದದ್ದು ನಮ್ಮ ಮನೆ ಮುಂದೆ ಮಾತ್ರ. ಅರವತ್ತರ ದಶಕದ ಮೊದಲ ವರ್ಷಗಳು. ಸಂಜೆಯಾದರೆ ಬೀದಿಯ ತುಂಬ ಹುಲ್ಲಿನ, ಸಗಣಿಯ, ಸೌದೆ ಒಲೆಯ ವಾಸನೆ. ನಮ್ಮ ಬಾಗಿಲಿಗೆ ಬಂದರೆ ಪೆಟ್ರೋಲ್ ವಾಸನೆ. ನನ್ನ ಜೊತೆ ಕುಂಟೆಬಿಲ್ಲೆ ಆಡಲು ಬರುತ್ತಿದ್ದ ಹುಡುಗಿಯರು ಮೊದಲು ಗಾಡಿಯ ಹತ್ತಿರ ನಿಂತು ಜೋರಾಗಿ ಉಸಿರೆಳೆದುಕೊಂಡು ಆಮೇಲೆ ಆಟಕ್ಕೆ ಬರುತ್ತಿದ್ದರು. ಓದುವ ನಿಮ್ಮಲ್ಲೂ ಹಾಗೆ ಕದ್ದು ಪೆಟ್ರೋಲ್ ವಾಸನೆ ಹೀರಿದವರು ಇರಬಹುದು.

ಅಮ್ಮ ಈ ಆಷಾಢದಲ್ಲಿ ಹೋದಳು. ಅಪ್ಪ ಹೋಗಿ ಬಹಳ ಕಾಲವಾಯಿತು. ಅಮ್ಮನ ಸೀರೆಗಳನ್ನು ಮಡಿಸಿ ಯಾರ್ಯಾರಿಗೆ ಕೊಡಬೇಕೆಂದು ಬೇರೆ ಮಾಡುತ್ತಿದ್ದಾಗ ಆ ಒಂದು ದಸರಾ ನೆನಪಾಯಿತು. ಅದೇ ಯಾಕೆ ನೆನಪಾಯಿತು ಎಂದು ನನಗೆ ತಿಳಿಯದು. ನೆನಪಾದದ್ದನ್ನು ಬರೆಯುತ್ತಿದ್ದೇನೆ.

ಅಪ್ಪ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಮೊದಲು ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ಅವನಿಗೆ ಉಬ್ಬಸ. ಬೇಸಿಗೆಯಲ್ಲಿ ಹೇಗೋ ಆಗುತ್ತಿತ್ತು. ಚಳಿ ಶುರುವಾದರೆ ಬೆಳಗಿನ ಪಾಳಿಗೆ ಹೋಗುವಾಗ ದಾರಿಯಲ್ಲಿ ಇಳಿದು, ಹೊಂಗೆ ಮರಕ್ಕೆ ಒರಗಿ, ಉಸಿರು ಹಿಡಿದುಕೊಂಡು ಮತ್ತೆ ಹತ್ತಬೇಕಾಗಿತ್ತು. ಒಂದು ಚಳಿಗಾಲದಲ್ಲಿ ಹಲವು ಸಲ ಗೇಟು ಮುಚ್ಚಿದ ಮೇಲೆ ತಲುಪಿ ವಾಪಸ್ಸು ಬಂದಿದ್ದ. ಆಮೇಲೆ ಮಿಲಿಟರಿಯವರು ಹರಾಜಿಗೆ ಬಿಟ್ಟ ಹಳೆಯ ಮೋಟರ್ ಸೈಕಲ್ ಒಂದನ್ನು ಕೊಂಡು, ರಜೆ ಬಂದಾಗಲೆಲ್ಲ ಬಿಚ್ಚಿ ಜೋಡಿಸಿ, ಓಡುವ ಹಾಗೆ ಮಾಡಿದ.

ಅಮ್ಮನಿಗೆ ಅದು ಬೇಡವಾಗಿತ್ತು. ಅವಳ ತವರು ರಾಜಾನುಕುಂಟೆ ಕಡೆಯ ಒಂದು ಹಳ್ಳಿ. ಅವಳ ತಮ್ಮ ಲಾರಿಯಿಂದ ಬಿದ್ದು ಒಂದು ಕಾಲು ಎಳೆದುಕೊಂಡೇ ನಡೆಯುತ್ತಿದ್ದ. ಗಾಡಿ ಮೊದಲ ಸಲ ಓಡಿದ ದಿನ ಅಮ್ಮ ಅಪ್ಪನ ಕೈ ಹಿಡಿದು ನನ್ನ ತಲೆಯ ಮೇಲೆ ಇಡಿಸಿದಳು.

“ಮಗಳ ಮೇಲೆ ಆಣೆ ಇಟ್ಟು ಏಳಿ. ಒಂದೇ ಒಂದು ಕಿತ ಬಿದ್ರೂ ಇದನ್ನ ಮಾರಿಬಿಡ್ತೀನಿ ಅಂತ.”

“ಬೀಳೋದು ಅಂದ್ರೆ ಹೆಂಗೆ? ನಿಂತಿದ್ದಾಗ ವಾಲಿಬಿದ್ರೂ ಲೆಕ್ಕಾನಾ?”

“ನೀವು ಮ್ಯಾಲಿದ್ರೆ ಲೆಕ್ಕ. ತಮಾಸೆ ಮಾಡ್ಬ್ಯಾಡಿ, ಏಳಿ.”

ಅಪ್ಪ ಹೇಳಿದ. ಅವನ ಕೈಯಲ್ಲಿ ಗ್ರೀಸ್ ಇತ್ತು. ಅಮ್ಮ ನನ್ನ ಕೂದಲಿಗೆ ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು.

ಆಣೆ ಇಟ್ಟಿದ್ದಕ್ಕೋ, ಅವನ ಸ್ವಭಾವವೇ ಹಾಗಿತ್ತೋ, ಅಪ್ಪ ಹೊರಡುವ ಮೊದಲು ಪ್ರತಿದಿನ ಗಾಡಿಯನ್ನು ಒಂದು ಸುತ್ತು ಬರುತ್ತಿದ್ದ. ಹೆಬ್ಬೆರಳಿನಿಂದ ಟೈರು ಒತ್ತಿ ನೋಡುವುದು. ಅಂಗೈಯನ್ನು ಟೈರಿನ ಸುತ್ತ ಆಡಿಸಿ ಮುಳ್ಳು, ಲಾಳದ ಮೊಳೆ ಸಿಕ್ಕಿದೆಯೇ ಎಂದು ಹುಡುಕುವುದು. ಚೈನನ್ನು ಒಂದು ಬೆರಳಿನಿಂದ ಎತ್ತಿ ಎಷ್ಟು ಸಡಿಲ ಇದೆ ನೋಡಿ, ಬ್ರೇಕು ಒತ್ತಿ ಗಾಡಿಯನ್ನು ಮುಂದಕ್ಕೆ ತಳ್ಳಿ, ಅದು ಕದಲಲಿಲ್ಲ ಎಂದಾದ ಮೇಲೆಯೇ ಪೆಟ್ರೋಲಿನ ನಲ್ಲಿಯನ್ನು ತಿರುಗಿಸುತ್ತಿದ್ದ. ನಾನು ಹಿಂದೆಯೇ ಸುತ್ತುತ್ತಿದ್ದೆ.

“ಓಡೋಕಿಂತ ನಿಲ್ಲೋದು ಮುಖ್ಯ ಮಗಾ. ಓಡ್ದೇ ಇದ್ರೆ ಮನೇಲೇ ಇರ್ತೀವಿ. ನಿಲ್ದೇ ಇದ್ರೆ?”

ಅಮ್ಮ ಒಳಗಿನಿಂದ ಹೇಳುತ್ತಿದ್ದಳು: “ಇಷ್ಟು ಸುತ್ತು ಆಂಜನೇಯನ ಗುಡಿ ಸುತ್ತಿದ್ರೆ ಪುಣ್ಯನಾದ್ರೂ ಬರೋದು.”

ಅಪ್ಪ ನಗುತ್ತಿದ್ದ. ಆದರೆ ಸುತ್ತು ಬಿಡುತ್ತಿರಲಿಲ್ಲ.

ಹೀಗೆ ಒಂದು ಚಳಿಗಾಲ ಕಳೆಯಿತು. ಅಪ್ಪ ಒಂದು ದಿನವೂ ಗೇಟಿನಿಂದ ವಾಪಸ್ಸು ಬರಲಿಲ್ಲ. ಸಂಜೆ ಬೀದಿ ತುದಿಯಲ್ಲಿ ಶಬ್ದ ಕೇಳಿದರೆ ಅಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಬಯ್ಯುವುದು ಕಡಿಮೆಯಾಯಿತು. ದಸರಾ ಬರುವ ಹೊತ್ತಿಗೆ ಅದು ಅವಳ ಬಾಯಲ್ಲೂ “ನಮ್ ಗಾಡಿ” ಆಗಿತ್ತು.

ಆಯುಧಪೂಜೆಯ ಬೆಳಿಗ್ಗೆ ಅಪ್ಪ ಗಾಡಿಯನ್ನು ತೊಳೆದು ಒರೆಸಿ, ಕಾರ್ಖಾನೆಯ ಪೂಜೆಗೆ ಬಸ್ಸಿನಲ್ಲಿ ಹೋದ. ಪೂಜೆಯ ಗಾಡಿಯನ್ನು ಆ ದಿನ ಓಡಿಸಬಾರದು. ಉಳಿದದ್ದನ್ನು ನಾನು ನೋಡ್ಕೋತೀನಿ ಅಂದಳು ಅಮ್ಮ. ಕುಡುಗೋಲು, ಈಳಿಗೆಮಣೆ, ಅಪ್ಪನ ಸ್ಪ್ಯಾನರುಗಳು, ನನ್ನ ಪುಸ್ತಕ ಎಲ್ಲವನ್ನೂ ಸಾಲಾಗಿ ಇಟ್ಟು ಅರಿಸಿನ ಕುಂಕುಮ ಹಚ್ಚಿದಳು. ಗಾಡಿಗೆ ಚೆಂಡು ಹೂವಿನ ಹಾರ ಹಾಕಿದಳು. ನಂತರ ಒಳಗೆ ಹೋಗಿ ಹರಳೆಣ್ಣೆ ಬಟ್ಟಲು ತಂದು ಕುಕ್ಕರುಗಾಲಿನಲ್ಲಿ ಕೂತು, ಎರಡು ಟೈರುಗಳಿಗೂ ಎಣ್ಣೆ ಹಚ್ಚತೊಡಗಿದಳು.

ಅದು ಅವಳ ತವರಿನ ಪದ್ಧತಿ. ಅಲ್ಲಿ ಹಬ್ಬದ ದಿನ ಎತ್ತಿನ ಕೊಂಬಿಗೆ, ಗೊರಸಿಗೆ ಎಣ್ಣೆ ಸವರುತ್ತಿದ್ದರು. ನೇಗಿಲಿಗೂ ಎಣ್ಣೆ, ಗಾಡಿಯ ಕೀಲಿಗೂ ಎಣ್ಣೆ. ದುಡಿದದ್ದಕ್ಕೆಲ್ಲ ಎಣ್ಣೆ. ಅಮ್ಮ ಬಟ್ಟೆಯ ಚೂರನ್ನು ಅದ್ದಿ, ಟೈರಿನ ಪಕ್ಕಗಳನ್ನು, ಗೀರುಗಳ ಸಂದುಗಳನ್ನು ಬಿಡದೆ ಉಜ್ಜಿದಳು. ಮಗುವಿನ ಮೈಗೆ ಎಣ್ಣೆ ಒತ್ತುವ ಹಾಗೆ ಒತ್ತಿದಳು. “ವರ್ಸೆಲ್ಲ ಅವರನ್ನ ಒತ್ಕೊಂಡು ತಿರುಗ್ತದೆ ಪಾಪ” ಅಂದಳು. ಟೈರುಗಳು ಎಮ್ಮೆಕರುವಿನ ಹಾಗೆ ಕರ್ರಗೆ ಮಿಂಚಿದವು.

ಸಂಜೆ ಅಪ್ಪ ಕಡ್ಲೆಪುರಿ, ಮೈಸೂರುಪಾಕಿನ ಪೊಟ್ಟಣ ಹಿಡಿದು ಬಂದ. ದೀಪದ ಬೆಳಕಿನಲ್ಲಿ ಗಾಡಿ ನೋಡಿ, “ಏನೇ ಇದು, ಮದುವಣಗಿತ್ತಿ ಥರ ಮಾಡಿದ್ದೀಯ” ಅಂದ. ಅಮ್ಮನಿಗೆ ಖುಷಿಯಾಯಿತು. ಬೂದುಗುಂಬಳ ಒಡೆದೆವು. ಬೀದಿಯ ಮಕ್ಕಳಿಗೆಲ್ಲ ಪುರಿ ಹಂಚಿದೆವು.

ಮರುದಿನ ವಿಜಯದಶಮಿ. ಬೆಳಿಗ್ಗೆ ನನ್ನನ್ನು ಕೂರಿಸಿಕೊಂಡು ಕೆರೆ ಏರಿಯವರೆಗೆ ಒಂದು ಸುತ್ತು ಹೋಗಿಬರುವುದೆಂದು ಅಪ್ಪ ಹೊರಟ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಅಭ್ಯಾಸದಂತೆ ಅಪ್ಪ ಬಗ್ಗಿ ಟೈರಿಗೆ ಕೈ ಚಾಚಿದ. ಅಮ್ಮ ತಡೆದಳು.

“ಇವತ್ತೊಂದಿನ ಬಿಡಿ ಅಂದ್ರೆ. ಪೂಜೆ ಆಗಿರೋದನ್ನ ಯಾರಾದ್ರೂ ಇಚುಕಿ ನೋಡ್ತಾರಾ? ದ್ಯಾವ್ರ ಮ್ಯಾಲೆ ನಂಬ್ಕೆ ಇಲ್ವಾ?”

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಹ್ಯಾಂಡಲಿಗೆ ಕೈ ಮುಗಿದ. ಒದ್ದು ಸ್ಟಾರ್ಟ್ ಮಾಡಿದ. ನಿಂಬೆಹಣ್ಣುಗಳು ಚಪ್ಪಟೆಯಾದವು.

ನೆಟ್ಟಗಿನ ದಾರಿಯಲ್ಲಿ ಏನೂ ಆಗಲಿಲ್ಲ. ಎರಡೂ ಬದಿಗೆ ರಾಗಿ ತೆನೆ ಬಿಟ್ಟಿತ್ತು, ಇಬ್ಬನಿ ಇತ್ತು. ಅಪ್ಪ ನಿಧಾನವಾಗಿಯೇ ಹೋಗುತ್ತಿದ್ದ. ಏರಿ ಇಳಿದು ಎಡಕ್ಕೆ ತಿರುಗುವ ಕಡೆ ಗಾಡಿ ಸ್ವಲ್ಪ ವಾಲಿತು, ವಾಲಿದ್ದು ಹಾಗೆಯೇ ಜಾರಿತು. ಶಬ್ದವೂ ಹೆಚ್ಚಿರಲಿಲ್ಲ. ನಾನು ರಸ್ತೆ ಪಕ್ಕದ ಹುಲ್ಲಿನ ಮೇಲೆ ಕೂತಿದ್ದೆ. ಮಂಡಿ ತರಚಿತ್ತು. ಅಪ್ಪನ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಅವನು ಮೊದಲು ನನ್ನ ಕೈಕಾಲು ಮಡಿಸಿ ನೋಡಿ, ಆಮೇಲೆ ಎಂಜಿನ್ ಆರಿಸಿ, ಟೈರಿನ ಪಕ್ಕಕ್ಕೆ ಬೆರಳು ಸವರಿ ಮೂಸಿದ. ಬೆರಳನ್ನು ನನ್ನ ಮೂಗಿನ ಹತ್ತಿರವೂ ಹಿಡಿದ.

“ಹರಳೆಣ್ಣೆ” ಅಂದೆ. “ಅಮ್ಮ ಹಚ್ಚಿದ್ದು. ಎತ್ತಿಗೆ ಹಚ್ಚೋ ಥರ.”

ಅಪ್ಪ ಬೆರಳನ್ನು ಹುಲ್ಲಿಗೆ ಒರೆಸಿದ. “ನೆಟ್ಟಗೆ ಹೋಗುವಾಗ ಮಧ್ಯದ ಎಣ್ಣೆ ಸವೆದುಹೋಗುತ್ತೆ. ತಿರುಗುವಾಗ ಪಕ್ಕ ನೆಲಕ್ಕೆ ತಾಗುತ್ತೆ, ಅದಕ್ಕೇ ಜಾರಿದ್ದು” ಎಂದು ತನಗೇ ಹೇಳಿಕೊಂಡ. ಆಮೇಲೆ ಕೆರೆಯ ಮಣ್ಣು ತಂದು ಎರಡೂ ಟೈರುಗಳನ್ನು ತಿಕ್ಕಿದ. ನೀರು ಹಾಕಿದ. ಮತ್ತೆ ತಿಕ್ಕಿದ.

“ಎಣ್ಣೆ ವಿಷಯ ಅಮ್ಮಂಗೆ ಹೇಳ್ಬೇಡ ಮಗಾ. ನೋಡ್ದೇ ಹೊರಟಿದ್ದು ನಾನು.”

ಗಾಡಿಯನ್ನು ತಳ್ಳಿಕೊಂಡೇ ಮನೆಗೆ ಬಂದೆವು. ಬಾಗಿಲಲ್ಲಿದ್ದ ಅಮ್ಮ ರಕ್ತ ನೋಡಿದಳು, ನನ್ನ ಮಂಡಿ ನೋಡಿದಳು. “ತಿರುವಲ್ಲಿ ಜೋರಾಗಿ ಬಂದೆ” ಅಂದ ಅಪ್ಪ. ಅವಳು ಬಯ್ಯಲಿಲ್ಲ. ಅರಿಸಿನ ಹಚ್ಚಿ ಬಟ್ಟೆ ಕಟ್ಟಿದಳು. ಆಣೆಯ ಮಾತು ಅವಳು ಎತ್ತಲಿಲ್ಲ. ಊಟಕ್ಕೆ ಕೂತಾಗ ಅಪ್ಪನೇ ಎತ್ತಿದ.

“ಯಾರಾದ್ರೂ ಸಿಕ್ತಾರಾ ನೋಡ್ತೀನಿ. ಕೊಟ್ಬಿಡೋಣ.”

ಅಮ್ಮ ನನ್ನ ಕಡೆ ನೋಡಿದಳು. ಆಣೆ ಇದ್ದದ್ದು ನನ್ನ ತಲೆಯ ಮೇಲೆ. “ಊಂ” ಅಂದಳು.

ಅಪ್ಪ ಮತ್ತೆ ಸೈಕಲ್ ತೆಗೆದ. ದೀಪಾವಳಿ ಹತ್ತಿರವಾಗುತ್ತಿತ್ತು, ಬೆಳಗಿನ ಚಳಿ ಶುರುವಾಗಿತ್ತು. ಸಂಜೆ ಮನೆಗೆ ಬಂದರೆ ಜಗಲಿಯ ಮೇಲೆ ಕೂತು, ಮಂಡಿಯ ಮೇಲೆ ಕೈಯೂರಿ, ಉಸಿರಿಗಾಗಿ ಕಾಯುತ್ತಿದ್ದ. ಅಮ್ಮ ಶುಂಠಿ ಕಷಾಯ ಕೊಟ್ಟು ಎದೆಗೆ ಬಿಸಿ ಉಪ್ಪಿನ ಶಾಖ ಇಡುತ್ತಿದ್ದಳು. ಇಬ್ಬರೂ ಗಾಡಿಯ ವಿಷಯ ಮಾತಾಡುತ್ತಿರಲಿಲ್ಲ. ಗಾಡಿ ಹೊರಗೆ ಒಣಗಿದ ಹಾರದ ಜೊತೆ ನಿಂತಿತ್ತು.

ಒಂದು ಭಾನುವಾರ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಬಾಷಾ ಸಾಬರು ಗಾಡಿ ನೋಡಲು ಯಶವಂತಪುರದಿಂದ ಬಂದರು. ದಪ್ಪ ಮನುಷ್ಯ, ಯಾವಾಗಲೂ ನಗಿಸುವವರು.

“ಏನ್ ಗುರು, ಇಷ್ಟ್ ಚೆನ್ನಾಗಿಟ್ಕೊಂಡಿರೋ ಗಾಡೀನ ಕೊಡ್ತೀನಿ ಅಂತೀಯಲ್ಲ? ನಿನಗೇನ್ ಹುಚ್ಚಾ? ನಮ್ಮನೇಲಿ ಬೇಗಂ ಹಿಂದೆ ಕೂತ್ರೆ ಇದು ಎತ್ತುತ್ತಾ?”

“ನೀವೊಬ್ರು ಕೂತು ನೋಡಿ ಮೊದಲು” ಅಂದ ಅಪ್ಪ.

ಸಾಬರು ಗಾಡಿಯ ಸುತ್ತ ಬಂದು, ಬಗ್ಗಿ, ಚಕ್ರದ ಒಳಗೆ ಕೈ ಹಾಕಿದರು. ಅಪ್ಪ ಟೈರನ್ನು ತಿಕ್ಕಿದ್ದ. ಕಡ್ಡಿಗಳ ಬುಡದಲ್ಲಿ, ರಿಮ್ಮಿನ ಅಂಚಿನಲ್ಲಿ ಎಣ್ಣೆ ಉಳಿದು ಧೂಳು ಮೆತ್ತಿಕೊಂಡಿತ್ತು. ಸಾಬರು ಬೆರಳು ಮೂಸಿದರು.

“ಅರೆ, ಹರಳೆಣ್ಣೆ! ಚಕ್ರಕ್ಕೆ ಯಾರಪ್ಪಾ ತಲೆಗೆ ಸ್ನಾನ ಮಾಡ್ಸಿದ್ದು?”

ಅಮ್ಮ ಆಗತಾನೆ ಕಾಫಿ ತೆಗೆದುಕೊಂಡು ಬಾಗಿಲಿಗೆ ಬಂದಿದ್ದಳು. “ನಾನೇ ಅಣ್ಣ, ಅಬ್ಬದ ದಿನ” ಅಂದಳು ನಗುತ್ತ. “ಟೈರಿಗೆಲ್ಲ ಚೆಂದಾಗಿ ಅಚ್ಚಿದ್ದೆ. ಯಾಕೆ?”

ಸಾಬರು ಜೋರಾಗಿ ನಕ್ಕರು. “ಟೈರಿಗಾ? ಅಯ್ಯೋ ತಂಗಿ, ಟೈರಿಗೆ ಎಣ್ಣೆ ಹಚ್ಚಿದ್ರೆ ಮನುಷ್ಯ ಎಲ್ಲಿ ಕೂತಿರ್ತಾನೆ? ಜಾರಿ...” ಅಷ್ಟರಲ್ಲಿ ಅಪ್ಪನ ಮುಖ ನೋಡಿ ನಿಲ್ಲಿಸಿದರು.

ಅಮ್ಮ ಲೋಟಗಳನ್ನು ಜಗಲಿಯ ಮೇಲೆ ಇಟ್ಟಳು. ಒಂದು ಲೋಟ ಚೆಲ್ಲಿತು. ಅದನ್ನು ಯಾರೂ ಒರೆಸಲಿಲ್ಲ.

“ಅಂಗಾರೆ ನೀವು ಜೋರಾಗಿ ಓಗಿರ್ಲಿಲ್ಲ” ಅಂದಳು ಅಪ್ಪನಿಗೆ.

“ಬಿಡೇ. ಗಾಡಿ ಮೇಲೆ ಕೂತೋನು ನೋಡ್ಕೋಬೇಕು. ನಾನು ನೋಡ್ಲಿಲ್ಲ.”

“ನೋಡ್ಬ್ಯಾಡಿ ಅಂದೋಳ್ಯಾರು?”

“ಅಂದ್ರೆ ನಾನು ಕೇಳಬೇಕಾ?”

“ಕೇಳಿದ್ರಲ್ಲ!”

ಸಾಬರು ಕಾಫಿ ಎತ್ತಿಕೊಂಡು ಬೀದಿಯ ಆ ಬದಿಗೆ ಹೋಗಿ, ಅಲ್ಲಿ ಕಟ್ಟಿದ್ದ ಮೇಕೆಯನ್ನು ನೋಡುತ್ತ ನಿಂತರು.

“ಬಿದ್ದಿದ್ದು ಬಿದ್ದಿದ್ದೇ” ಅಂದ ಅಪ್ಪ. “ಮಗು ತಲೆ ಮೇಲೆ ಕೈಯಿಟ್ಟಿದ್ದೀನಿ.”

ಅಮ್ಮ ನನ್ನನ್ನು ಹತ್ತಿರ ಎಳೆದುಕೊಂಡಳು. ತನ್ನ ಕೈಯನ್ನು ನನ್ನ ತಲೆಯ ಮೇಲೆ ಇಟ್ಟಳು. “ಆಣೆ ಇಡಿಸ್ಕೊಂಡೋಳು ನಾನು. ನಾನೇ ಅದನ್ನ ಬುಟ್ಟಿದ್ದೀನಿ. ಏನಾದ್ರೂ ಇದ್ರೆ ನನಗಿರ್ಲಿ, ಮಗೀಗೆ ಬ್ಯಾಡ.” ಆಮೇಲೆ ಬೀದಿಯ ಆ ಬದಿಗೆ ಕೂಗಿದಳು: “ಅಣ್ಣಾ, ಗಾಡಿ ಕೊಡಾಕಿಲ್ಲ. ಉಂಡ್ಕೊಂಡು ಓಗಿ, ಅವರೆಕಾಳು ಸಾರು ಮಾಡಿವ್ನಿ.”

“ಗಾಡಿಗಿಂತ ಅದೇ ವಾಸಿ” ಎಂದರು ಸಾಬರು.

ಊಟವಾದ ಮೇಲೆ ಅಮ್ಮ ಅಪ್ಪನ ಎದುರು ಗಾಡಿಯ ಹತ್ತಿರ ನಿಂತು, ಯಾವುದಕ್ಕೆ ಎಣ್ಣೆ ಹಾಕಬೇಕು, ಯಾವುದಕ್ಕೆ ಹಾಕಬಾರದು, ಏಳ್ಕೊಡಿ ಅಂದಳು. ಚೈನಿಗೆ ಹೌದು, ಬ್ರೇಕಿನ ತಂತಿಗೆ ಒಂದು ಹನಿ, ಬ್ರೇಕಿನ ಒಳಗೆ ಬೇಡ, ಟೈರಿಗೆ ಯಾವತ್ತೂ ಬೇಡ. ಮುಂದೆ ಭಾನುವಾರಗಳಲ್ಲಿ ಚೈನು ತಿಕ್ಕಿ ಎಣ್ಣೆ ಬಿಡುವುದು ಅವಳ ಕೆಲಸವಾಯಿತು. ಬೆಳಗಿನ ಸುತ್ತನ್ನು ಅವರಿಬ್ಬರೂ ಸೇರಿ ಬರುತ್ತಿದ್ದರು. ಅಪ್ಪ ಒತ್ತಿ ನೋಡಿದ ಟೈರನ್ನು ಅವಳು ಇನ್ನೊಂದು ಸಲ ಒತ್ತಿ ನೋಡುತ್ತಿದ್ದಳು. ಗಾಡಿ ಮತ್ತೆ ಬೀಳಲಿಲ್ಲ. ನಾನು ಹೈಸ್ಕೂಲು ಮುಗಿಸುವವರೆಗೆ ಅದು ಅಪ್ಪನನ್ನು ಜಾಲಹಳ್ಳಿಗೆ ಒಯ್ದು ತಂದಿತು. ಆಮೇಲೆ ಎಂಜಿನ್ ಸೋತು ಗುಜರಿಗೆ ಹೋಯಿತು.

ಈಗ ಆ ತಿರುವೂ ಇಲ್ಲ. ದಾರಿ ಅಗಲವಾಗಿ, ಎತ್ತರವಾಗಿ, ನೆಟ್ಟಗಾಗಿದೆ. ರಾಗಿ ಹೊಲಗಳು ಎಲ್ಲಿದ್ದವೆಂದು ನನಗೇ ಸರಿಯಾಗಿ ತೋರಿಸಲು ಬರುವುದಿಲ್ಲ. ಅವು ಹೋದದ್ದಕ್ಕೆ ಬೇಸರವಿದೆ. ಆದರೆ ನಾನು ಹುಡುಕುವುದು ಅವುಗಳನ್ನಲ್ಲ, ಬೆಳಿಗ್ಗೆ ಗಾಡಿಯ ಸುತ್ತ ಬರುತ್ತಿದ್ದ ಆ ಇಬ್ಬರನ್ನು.

ಹೋದ ವರ್ಷ ಅಮ್ಮ ಇನ್ನೂ ಎದ್ದು ಕೂರುತ್ತಿದ್ದಾಗ ಒಮ್ಮೆ ಕೇಳಿದ್ದೆ: “ಅವತ್ತು ಸಾಬರು ಎಣ್ಣೆ ನೋಡದೇ ಹೋಗಿದ್ರೆ, ಅಪ್ಪ ನಿಜವಾಗ್ಲೂ ಗಾಡಿ ಮಾರಿಬಿಡ್ತಿದ್ನಾ ಅಮ್ಮಾ?”

“ಮಾರಿರೋರು” ಅಂದಳು, ಯೋಚಿಸದೆ. “ಉಸ್ರು ಕಟ್ಟಿ ಸತ್ರೂ ಮಾರಿರೋರು. ಎಣ್ಣೆ ಇಸ್ಯ ನಂಗೂ ಏಳ್ತಿರ್ಲಿಲ್ಲ. ಅದ್ಕೇ ಆಮ್ಯಾಕೆ ಯಾವತ್ತೂ ಅವರತ್ರ ಒಂದು ಆಣೆ-ಮಾತೂ ಇಸ್ಕಳ್ನಿಲ್ಲ ನಾನು.”

ಆಮೇಲೆ ಮಲಗಿದಳು. ಇನ್ನೂ ಕೇಳುವುದಿತ್ತು, ನಾಳೆ ಕೇಳೋಣ ಎಂದುಕೊಂಡೆ. ಈಗ ಇಷ್ಟನ್ನು ನನಗೆ ತಿಳಿದ ಹಾಗೆ ಬರೆದಿದ್ದೇನೆ. ಇದರಲ್ಲಿ ಎಲ್ಲಾದರೂ ತಪ್ಪಿದ್ದರೆ “ಅಂಗಲ್ಲ ಕಣೇ” ಎಂದು ತಿದ್ದಲು ಮನೆಯಲ್ಲಿ ಯಾರೂ ಇಲ್ಲ.