ಎತ್ತಿಕೊಳ್ಳಲಾಗದ ಮಗು

ಮಗಳು ಹುಟ್ಟಿ ನಾಲ್ಕು ತಿಂಗಳಾದರೂ ನಾನು ಅವಳನ್ನು ತೊಟ್ಟಿಲಿನಿಂದ ಎತ್ತಿಕೊಂಡಿರಲಿಲ್ಲ. ಸಿಸೇರಿಯನ್ ಗಾಯ ಮಾಗಿತ್ತು. ನೋವಿದ್ದದ್ದು ಬೆನ್ನಿನಲ್ಲಿ, ಸೊಂಟದ ತುಸು ಮೇಲೆ. ಬಗ್ಗಿದರೆ ಯಾರೋ ಒಳಗಿಂದ ಹಿಡಿದು ಹಿಂಡಿದ ಹಾಗೆ.

ನಮ್ಮ ಮನೆ ಶಿರೂರಿನ ಕಡಲ ಬದಿಯಲ್ಲಿ. ಗಂಡ ಬೋಟಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಅತ್ತೆ ಮನೆಮನೆಗೆ ಮೀನು ಮಾರುತ್ತಿದ್ದವರು, ನನಗಾಗಿ ಅದನ್ನು ಬಿಟ್ಟರು. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದರು. ಆಗ ಹಾಯೆನಿಸುತ್ತಿತ್ತು. ಅವರು ಮಗುವನ್ನು ಮಡಿಲಿಗೆ ಕೊಟ್ಟು, ನಾನು ಹಾಲುಣಿಸಲು ಕೂತರೆ ಮತ್ತದೇ ನೋವು.

"ಆಪರೇಷನ್ನಿಗೆ ಬೆನ್ನಿಗ್ ಸೂಜಿ ಚುಚ್ಚಿದ್ರಲೆ, ಅದೇ ಇದ್. ಜೀವ ಇಪ್ಪಲ್ಲಿವರಿಗೆ ಹೋತಿಲ್ಲ," ಎನ್ನುತ್ತಿದ್ದರು ಅತ್ತೆ. ನಾನೂ ನಂಬಿದ್ದೆ.

ಒಂದು ಮಧ್ಯಾಹ್ನ ಅವರು ಅಂಗಡಿಗೆ ಹೋಗಿದ್ದಾಗ ಮಗು ಎದ್ದು ಅಳತೊಡಗಿತು. ಚಾಪೆಯಿಂದ ಏಳಲು ನೋಡಿದೆ, ಆಗಲಿಲ್ಲ. ಹೊರಳಿ, ತೆವಳಿ, ಹೇಗೋ ತೊಟ್ಟಿಲು ಹಿಡಿದು ನಿಂತೆ. ಕೈ ಚಾಚಿ ಬಗ್ಗಿದೊಡನೆ ಬೆನ್ನು ಹಿಡಿದುಕೊಂಡಿತು. ಅಲ್ಲೇ ಕುಸಿದು, ತೊಟ್ಟಿಲು ತೂಗುತ್ತ ನಾನೂ ಅಳತೊಡಗಿದೆ. ಅತ್ತೆ ಬರುವಷ್ಟರಲ್ಲಿ ಮಗುವಿನ ದನಿ ಕಟ್ಟಿಹೋಗಿತ್ತು. ಬಂದವರೇ ಅವಳನ್ನು ಹೆಗಲಿಗೆ ಹಾಕಿಕೊಂಡರು. ಅವಳು ಸುಮ್ಮನಾದಳು.

"ಮರ್ಕಬೇಡ ಮಾರಾಯ್ತಿ, ನಾನಿದ್ನಲೆ," ಎಂದರು, ಇನ್ನೂ ಅಳುತ್ತಿದ್ದ ನನಗೆ. ಆಪರೇಷನ್ ಟೇಬಲ್ಲಿನ ಮೇಲೆಯೇ ನಾನು ಸತ್ತಿದ್ದರೂ ಈ ಮಗುವಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ ಎಂದು ನನಗೆ ಅನಿಸಿತು. ಅದನ್ನು ಯಾರಿಗೂ ಹೇಳಲಿಲ್ಲ.

ಮರುವಾರ ಅತ್ತೆಯೇ ಕುಂದಾಪುರದ ಆಸ್ಪತ್ರೆಗೆ ಕರೆದೊಯ್ದರು. ಬಸ್ಸು ಕುಲುಕಿದಾಗಲೆಲ್ಲ ಹಲ್ಲು ಕಚ್ಚಿ ಕೂತಿದ್ದೆ. ಅಲ್ಲಿ ಫಿಸಿಯೋಥೆರಪಿಯ ಡಾಕ್ಟರಮ್ಮ ನನ್ನ ಬೆನ್ನು ಬಿಟ್ಟು ಹೊಟ್ಟೆ ಮುಟ್ಟಿ ನೋಡಿದರು.

"ಸೂಜಿ ಹಾಕಿದ್ ಜಾಗ ಸ್ವಲ್ಪ ದಿನ ನೋವಾತ್, ಇಷ್ಟ್ ತಿಂಗ್ಳಲ್ಲ. ಬಸುರಿಯಾದಾಗ ಹೊಟ್ಟೆಯ ಸ್ನಾಯು ಹಿಗ್ಗಿ ಬಲ ಹೋಯ್ತ್. ಈಗ ಭಾರ ಎಲ್ಲ ಬೆನ್ನಿಗೆ. ಅದ್ರ ಮೇಲೆ ಬಗ್ಗಿ ಕೂತ್ಕಂಡ್ ಹಾಲ್ ಕೊಡ್ತ್ರಿ."

ಬೆನ್ನಿಗೆ ಗೋಡೆ, ಮಡಿಲಿಗೆ ದಿಂಬು ಕೊಟ್ಟು ಮಗುವನ್ನೇ ಎದೆಯ ಮಟ್ಟಕ್ಕೆ ತರಬೇಕು, ಪಕ್ಕಕ್ಕೆ ಹೊರಳಿ ಕೈಯೂರಿ ಏಳಬೇಕು ಎಂದು ತೋರಿಸಿದರು. ಮೊಣಕಾಲು ಮಡಚಿ ಮಲಗಿ, ಉಸಿರು ಬಿಡುತ್ತ ಹೊಟ್ಟೆ ಒಳಗೆಳೆಯುವುದನ್ನು ಕಲಿಸಿದರು.

"ಪೂರಾ ಗುಣ ಆತ್ತಾ?" ಎಂದೆ.

"ನಿಧಾನಕ್ಕೆ ಆತ್. ಬಿಡದೆ ಮಾಡ್ಕ್."

ಬಿಡದೆ ಮಾಡಿದೆ. ನೋವು ತಗ್ಗಿತು, ಹೋಗಲಿಲ್ಲ. ಮೀನು ಕೊಯ್ಯಲು ಕುಕ್ಕರುಗಾಲಲ್ಲಿ ಕೂತರೆ ಈಗಲೂ ಎರಡು ದಿನ ಮಲಗಬೇಕು. ಅತ್ತೆಯ ಖಾಯಂ ಮನೆಗಳವರು ಬೇರೆಯವರಿಂದ ಮೀನು ಕೊಳ್ಳುತ್ತಿದ್ದಾರೆ. ಅತ್ತೆ ಅದರ ಮಾತೆತ್ತುವುದಿಲ್ಲ.

ಮಗಳಿಗೆ ಈಗ ಎರಡು ವರ್ಷ. ಅವಳನ್ನು ಎತ್ತಿಕೊಳ್ಳುವ ಶಕ್ತಿ ನನಗೆ ಬಂದಿದೆ. ನಾನು ಕೈ ಚಾಚಿದರೆ ಅವಳು ಅಜ್ಜಿಯ ಸೀರೆಯ ಹಿಂದೆ ಅಡಗುತ್ತಾಳೆ.

"ಆಟ ಆಡೂದ್ ಅದ್," ಎನ್ನುತ್ತಾರೆ ಅತ್ತೆ, ನನ್ನ ಮುಖ ನೋಡದೆ.