ಕಾಲಿಗೆ ಹೊಡೆದರೆ ಕೇಸಿಲ್ಲ ಎಂದವನು

ಜತ್ತಪ್ಪಣ್ಣ, ಆ ಮಾತು ಹೇಳಿದ್ದು ನಾನೇ. ಕೋರ್ಟಿನಲ್ಲಿ ಕಟಕಟೆ ಹಿಡಿದುಕೊಂಡು ‘ನಾನು ಹಾಗೆ ಹೇಳಲೇ ಇಲ್ಲ’ ಎಂದದ್ದು ಸುಳ್ಳು. ನೀವು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಿರಿ — ತಗ್ಗಬೇಕಾದ ತಲೆ ಅದಲ್ಲ.

ಮರ್ಕಂಜದ ನಮ್ಮ ಬೈಲಿನ ಮನೆಗಳಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಅಪ್ಪ ಹೆಬ್ಬೆಟ್ಟು ಒತ್ತುವವರು. ನಾನು ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಪುತ್ತೂರಿಗೆ ಹೋಗಿ ಬಿ.ಎ. ಮುಗಿಸಿದವನು. ಆ ಹೆಮ್ಮೆಯನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ನಾನು ಓದಿದ್ದು ಇತಿಹಾಸ. ಕಾನೂನಿನ ಒಂದು ಪುಟವನ್ನೂ ತಿರುವಿ ನೋಡಿರಲಿಲ್ಲ. ಊರವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದೆ ಎಂದು ನೀವು ತಮಾಷೆಗೆ ‘ವಕೀಲ್ರೆ’ ಎಂದು ಕರೆಯುತ್ತಿದ್ದಿರಿ. ನಾನು ಅದನ್ನು ತಮಾಷೆ ಎಂದುಕೊಳ್ಳಲಿಲ್ಲ.

ಚುನಾವಣೆ ಬಂತು. ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಡಬೇಕೆಂದು ಎಂದಿನಂತೆ ನೋಟಿಸು. ಮಂಗ, ಹಂದಿಗಳ ಕಾಟ ಹೇಳಿ ವಿನಾಯಿತಿ ಕೇಳುವ ಅರ್ಜಿ ಬರೆಸಲು ನೀವು ನಮ್ಮ ಜಗಲಿಗೆ ಬಂದಿರಿ. ಆಗಲೇ ನೆರೆಯ ಮೋನಪ್ಪನಿಗೂ ನಿಮಗೂ ದಾರಿಯ ತಕರಾರು. ನಿಮ್ಮ ಜಾಗದ ಅಂಚಿನಲ್ಲಿ ಅವನು ನಡೆಯಬಾರದೆಂದು ನೀವು, ಅಜ್ಜನ ಕಾಲದ ದಾರಿ ಎಂದು ಅವನು.

‘ಅವ ಕತ್ತಿ ಹಿಡ್ಕೊಂಡು ಬೇಲಿ ದಾಟಿದ್ರೆ ನಾನು ಎಂತ ಮಾಡುದು ವಕೀಲ್ರೆ? ಕೂತ್ಕೊಳ್ಳಿ, ಬೆಲ್ಲ ನೀರು ಕುಡೀರಿ ಅಂತ ಹೇಳುದಾ?’

‘ಕಾಲಿಗೆ ಹೊಡೀರಿ. ಆಯುಧ ಹಿಡ್ಕೊಂಡು ನಿಮ್ಮ ಜಾಗಕ್ಕೆ ಬಂದವನ ಕಾಲಿಗೆ ಹೊಡೆದ್ರೆ ಕೇಸಿಲ್ಲ. ಅದು ಆತ್ಮರಕ್ಷಣೆ.’

‘ಹೌದಾ ಮಾರಾಯ? ಓದಿದವ ನೀನು. ನೀನು ಹೇಳಿದ್ರೆ ಆಯ್ತು.’

ಎಲ್ಲಿ ಕೇಳಿದ್ದೆ ಅದನ್ನು? ಬಸ್‌ಸ್ಟ್ಯಾಂಡಿನ ಹರಟೆಯೋ, ಮೊಬೈಲಿನ ವಿಡಿಯೊವೋ — ನೆನಪಿಲ್ಲ. ನನಗೆ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ, ಅಷ್ಟೇ. ಅರ್ಜಿಯಲ್ಲಿ ‘ಬೆಳೆ ರಕ್ಷಣೆ’ಯ ಪಕ್ಕ ‘ಹಾಗೂ ಆತ್ಮರಕ್ಷಣೆ’ ಎಂದು ನಾನೇ ಸೇರಿಸಿದೆ. ನಿಮ್ಮ ಲೈಸೆನ್ಸು ಬೆಳೆಗೆ ಮಾತ್ರ ಎಂದು ಅದರಲ್ಲೇ ಬರೆದಿತ್ತು. ಓದಲು ಬರುವವನು ಓದಲಿಲ್ಲ.

ವಿನಾಯಿತಿ ಸಿಕ್ಕಿತು. ಕೋವಿ ನಿಮ್ಮ ಮನೆಯಲ್ಲೇ ಉಳಿಯಿತು.

ಮತದಾನಕ್ಕೂ ಮೊದಲೇ, ಒಂದು ಬೆಳಿಗ್ಗೆ, ಮೋನಪ್ಪ ಬೇಲಿ ದಾಟಿದ. ಕತ್ತಿ ಇತ್ತು — ನಮ್ಮಲ್ಲಿ ಕೆಲಸಕ್ಕೆ ಹೊರಟ ಯಾವ ಗಂಡಸಿನ ಸೊಂಟದಲ್ಲಿ ಕತ್ತಿ ಇರುವುದಿಲ್ಲ? ಅವನು ಸೊಪ್ಪು ಕಡಿಯಲು ಹೊರಟಿದ್ದ. ಕತ್ತಿ ಸೊಂಟದ ಕೊಕ್ಕೆಯಿಂದ ಹೊರಗೇ ಬಂದಿರಲಿಲ್ಲ. ನೀವು ಕಾಲಿಗೇ ಹೊಡೆದಿರಿ, ನಾನು ಹೇಳಿಕೊಟ್ಟ ಹಾಗೆ. ತೊಡೆಯ ರಕ್ತನಾಳ ಹರಿದು, ಪುತ್ತೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಅವನು ಜೀಪಿನಲ್ಲಿ ಸತ್ತ. ಕಾಲಿಗೆ ಹೊಡೆದರೆ ಜೀವ ಹೋಗುವುದಿಲ್ಲ ಎಂದು ಯಾವ ಮೂರ್ಖ ನಂಬಿದ್ದ? ಈ ಮೂರ್ಖ.

ಕೋರ್ಟಿನಲ್ಲಿ ನೀವು ನನ್ನ ಹೆಸರು ಹೇಳಿದಿರಿ. ‘ಅವರು ಹೇಳಿದ್ದನ್ನು ಬರೆದೆ, ಅಷ್ಟೇ’ ಎಂದು ನಾನು ನುಣುಚಿಕೊಂಡೆ. ಅರ್ಜಿಗೆ ನಾನು ಸೇರಿಸಿದ್ದ ‘ಹಾಗೂ ಆತ್ಮರಕ್ಷಣೆ’ ಎಂಬ ಆ ಎರಡು ಪದಗಳೇ, ಹೊಡೆಯಲು ನೀವು ಮೊದಲೇ ಮನಸ್ಸು ಮಾಡಿದ್ದಿರಿ ಎಂಬುದಕ್ಕೆ ಆಧಾರವಾದವು. ನಿಮಗೆ ಜೀವಾವಧಿ. ಜೀವಕ್ಕೆ ಆ ಕ್ಷಣ ಅಪಾಯವಿದ್ದರೆ, ಅದೂ ತಡೆಯಲು ಬೇಕಾದಷ್ಟೇ — ಆತ್ಮರಕ್ಷಣೆ ಎಂದರೆ ಅಷ್ಟೇ ಎಂದು ನಾನು ತಿಳಿದದ್ದು ನಿಮ್ಮ ತೀರ್ಪು ಓದಿ.

ನಿಮ್ಮ ಮೇಲೂ ನನಗೆ ಸಿಟ್ಟಿತ್ತು. ಕೋವಿ ಎತ್ತಿದ್ದು ನಿಮ್ಮ ಕೈ. ನನ್ನನ್ನು ಯಾಕೆ ನಂಬಿದಿರಿ? ಇಷ್ಟು ವರ್ಷ ಆ ಸಿಟ್ಟಿನ ಮರೆಯಲ್ಲಿ ನೆಮ್ಮದಿಯಾಗಿ ಉಂಡೆ, ಮಲಗಿದೆ...

ಮೊನ್ನೆ ಜಾಲ್ಸೂರಿನ ಹೋಟೆಲಿನಲ್ಲಿ ಒಬ್ಬ ಚಾ ಕುಡಿಯುತ್ತ ಹೇಳುತ್ತಿದ್ದ: ‘ಕಾಲಿಗೆ ಹೊಡೆದ್ರೆ ಎಂತ ಕೇಸೂ ಇಲ್ಲ ಮಾರಾಯ್ರೆ. ಓದಿದವರೇ ಹೇಳಿದ್ದು.’ ಅವನ ಕುತ್ತಿಗೆ ಹಿಡಿಯುವಷ್ಟು ಕೋಪ ಬಂತು. ಆದರೆ ‘ಅದು ಸುಳ್ಳು, ಹೇಳಿದವನು ನಾನು’ ಎನ್ನಲಿಲ್ಲ. ಅರ್ಧ ಚಾ ಬಿಟ್ಟು ಎದ್ದು ಬಂದೆ. ಮತ್ತೊಮ್ಮೆ.

ನಿಮ್ಮ ಮೇಲ್ಮನವಿ ಇನ್ನೂ ಇತ್ಯರ್ಥವಾಗಿಲ್ಲ. ನಿಮ್ಮ ವಕೀಲರಿಗೆ ಫೋನು ಮಾಡಿ, ನಿಜ ಹೇಳುತ್ತೇನೆ ಎಂದೆ. ‘ಅವರಿಗೆ ಉಪಕಾರ ಆಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನಿಮ್ಮ ಮೇಲೆ ಸುಳ್ಳುಸಾಕ್ಷಿಯ ಕೇಸು ಬೀಳಬಹುದು’ ಎಂದರು. ಬೀಳಲಿ. ಹೇಳಿಕೆ ಬರೆದಿಟ್ಟಿದ್ದೇನೆ, ಸೋಮವಾರ ಕೊಡುತ್ತೇನೆ.

ಅದಕ್ಕೂ ಮೊದಲು, ನಾಳೆ, ಅದೇ ದಾರಿಯಲ್ಲಿ ನಡೆದು ಮೋನಪ್ಪನ ಹೆಂಡತಿಯ ಬಳಿ ಹೋಗಬೇಕು. ಅವರಿಗೆ ಓದಲು ಬರುವುದಿಲ್ಲ. ಆ ಹೇಳಿಕೆಯನ್ನು ನಾನೇ ಗಟ್ಟಿಯಾಗಿ ಓದಿ ಹೇಳಬೇಕು.