ಮೇಷ್ಟ್ರ ಹಾಲಿನ ಲೆಕ್ಕ

ಎಂಬಿಎ ಪ್ರವೇಶ ಪರೀಕ್ಷೆಗೆ ನಾನು ಓದಿದ್ದು ಡೇರಿಯ ಎರಡು ಹೊತ್ತಿನ ನಡುವೆ. ಪಾಂಡವಪುರ ತಾಲ್ಲೂಕಿನಲ್ಲಿ, ಕ್ಯಾತನಹಳ್ಳಿ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿನ ಹಾಲಿನ ಸಂಘದಲ್ಲಿ ಟೆಸ್ಟರ್ ಆಗಿದ್ದೆ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು, ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲಿನಿಂದಲೂ ಸ್ವಲ್ಪ ತೆಗೆದು ಯಂತ್ರದ ಕೊಳವೆಗೆ ಹಿಡಿಯಬೇಕು. ಯಂತ್ರ ಎರಡು ಅಂಕಿ ತೋರಿಸುತ್ತದೆ. ಮೊದಲನೆಯದು ಫ್ಯಾಟು, ಅಂದರೆ ಹಾಲಿನ ಕೊಬ್ಬು. ಎರಡನೆಯದನ್ನು ಊರಿನವರೆಲ್ಲ ಎಸ್ಸೆನ್ನೆಫ್ಫು ಅನ್ನುತ್ತಾರೆ, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಎರಡನ್ನೂ ಎಲ್ಲರಿಗೂ ಕೇಳುವ ಹಾಗೆ ಕೂಗಬೇಕು, ಪಕ್ಕದಲ್ಲಿ ಕೂತ ಕಾರ್ಯದರ್ಶಿ ಬರೆದುಕೊಳ್ಳುತ್ತಾರೆ. ಗಟ್ಟಿ ಅಂಶ ತೀರಾ ಕಡಿಮೆ ಬಂದರೆ ಹಾಲು ವಾಪಸ್. ಕೆಲಸ ಇಷ್ಟೇ. ಇದರಲ್ಲಿ ನನಗೆ ಬಹಳ ಇಷ್ಟವಾಗಿದ್ದು ಕೂಗುವುದು. ನನಗೆ ಬಾಯಿ ಸ್ವಲ್ಪ ಜಾಸ್ತಿ.

ಎಂಬಿಎ ಹುಚ್ಚು ಹಿಡಿದದ್ದೂ ಅಲ್ಲೇ. ಆಗಾಗ ಜೀಪಿನಲ್ಲಿ ಬರುತ್ತಿದ್ದ ಮೇಲಿನ ಅಧಿಕಾರಿಗಳು ಹತ್ತು ನಿಮಿಷ ನಿಂತು, ಮೂಗಿಗೆ ಕರ್ಚೀಫು ಹಿಡಿದು, ಹೀಗಲ್ಲ ಹಾಗೆ ಅಂತ ಹೇಳಿ ಹೋಗುತ್ತಿದ್ದರು. ಇವರಿಗಿಂತ ನಾನೇನು ಕಡಿಮೆ ಅನ್ನಿಸಿತು. ವಿಚಾರಿಸಿದರೆ ಅವರೆಲ್ಲ ಮ್ಯಾನೇಜ್‌ಮೆಂಟ್ ಓದಿದವರು. ನನ್ನದು ಬಿ.ಕಾಂ. ಇಂಗ್ಲಿಷನ್ನು ಪೇಪರ್ ಓದಿ ಓದಿ ಹೇಗೋ ದಾರಿಗೆ ತಂದುಕೊಂಡೆ. ಗಣಿತ ಮಾತ್ರ ಹತ್ತನೇ ಕ್ಲಾಸಿನಲ್ಲೇ ಕೈ ಬಿಟ್ಟಿತ್ತು. ಮೈಸೂರಿನ ಕೋಚಿಂಗ್ ಕ್ಲಾಸಿಗೆ ಹೋಗೋಣವೆಂದರೆ ಅದು ಶನಿವಾರ, ಭಾನುವಾರ ಬೆಳಿಗ್ಗೆ ಏಳಕ್ಕೆ. ಹಸುಗಳಿಗೆ ಭಾನುವಾರ ರಜಾ ಇಲ್ಲ, ಹಾಗಾಗಿ ನನಗೂ ಇರಲಿಲ್ಲ.

ಊರಿನಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದರು. ಒಂದು ಹಸು ಕಟ್ಟಿಕೊಂಡು, ದಿನಾ ಬೆಳಿಗ್ಗೆ ಆರು ಲೀಟರ್ ಹಾಲನ್ನು ತಾವೇ ತಂದು ಹಾಕುತ್ತಿದ್ದರು. ಸಾಲಿನಲ್ಲಿ ನಿಂತ ಅರ್ಧ ಜನ ಅವರ ಕೈಲಿ ಕಿವಿ ಹಿಂಡಿಸಿಕೊಂಡವರೇ. ಒಂದು ದಿನ ಅವರ ಕ್ಯಾನು ಪಡೆಯುವಾಗ, ಪರೀಕ್ಷೆಗೆ ಲೆಕ್ಕ ಹೇಳಿಕೊಡುತ್ತೀರಾ ಅಂತ ಅಳುಕುತ್ತಾ ಕೇಳಿದೆ.

"ಲೆಕ್ಕ ತಾನೇ? ಜೀವಮಾನ ಎಲ್ಲಾ ಅದ್ನೇ ಮಾಡಿದ್ದು. ಒಂಬತ್ತ್ ಗಂಟೆಗೆ ಬಾರಯ್ಯ" ಅಂದರು.

ಹೀಗೆ ಜೂನ್ ತಿಂಗಳಿಂದ ಅವರ ಮನೆ ಜಗುಲಿ ನನ್ನ ಕೋಚಿಂಗ್ ಸೆಂಟರ್ ಆಯಿತು. ಒಂಬತ್ತರಿಂದ ಹನ್ನೊಂದೂವರೆ. ಮಧ್ಯೆ ಅಮ್ಮಾವ್ರು, ಅಂದರೆ ಮೇಷ್ಟ್ರ ಹೆಂಡತಿ, ರಾಗಿರೊಟ್ಟಿಯನ್ನೋ ಉಪ್ಪಿಟ್ಟನ್ನೋ ತಂದಿಡುತ್ತಿದ್ದರು. ಫೀಸಿನ ಮಾತೆತ್ತಿದ್ದಕ್ಕೆ ಮೇಷ್ಟ್ರು ಒಂದು ವಾರ ನನ್ನ ಮೇಲೆ ಸಿಡುಕಿದರು. ಪರೀಕ್ಷೆಯ ಲೆಕ್ಕಗಳು ನನಗೆ ತಮಾಷೆಯಾಗಿ ಕಾಣುತ್ತಿದ್ದವು. ತೊಟ್ಟಿಗೆ ಒಂದು ನಲ್ಲಿ ನೀರು ತುಂಬುತ್ತಿದೆಯಂತೆ, ಕೆಳಗಿನ ನಲ್ಲಿ ಖಾಲಿ ಮಾಡುತ್ತಿದೆಯಂತೆ. ಕೆಳಗಿನದನ್ನು ತಿರುವಲು ಆ ಮನೆಯಲ್ಲಿ ಒಬ್ಬರೂ ಇಲ್ಲವೇ? ನಲವತ್ತು ಲೀಟರ್ ಹಾಲಿನಲ್ಲಿ ನಾಲ್ಕು ಲೀಟರ್ ತೆಗೆದು ಅಷ್ಟೇ ನೀರು ಸುರಿದನಂತೆ, ಮತ್ತೆ ತೆಗೆದು ಮತ್ತೆ ಸುರಿದನಂತೆ, ಈಗ ನೀರೆಷ್ಟು ಹಾಲೆಷ್ಟು ಅಂತ ಪ್ರಶ್ನೆ.

"ಸಾ, ಇವ್ನು ನಮ್ ಡೇರಿಗ್ ಬಂದಿದ್ರೆ ಕ್ಯಾನು ಮಡಗಕ್ಕೂ ಬುಡ್ತಿರ್ನಿಲ್ಲ" ಅಂದೆ.

"ನಿನ್ನ್ ತೀರ್ಪು ಯಾರೂ ಕೇಳಿಲ್ಲ, ಲೆಕ್ಕ ಮಾಡು. ಅದಕ್ ಮುಂಚೆ ಪ್ರಶ್ನೇನ ಪೂರ್ತಿ ಓದು. ಅರ್ಧ ಓದಿ ಬರ್ಯಕ್ ಓಯ್ತೀಯ ನೀನು" ಅಂದರು.

ನನ್ನ ರೋಗವನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಆದರೂ ಈ ಹಾಲು-ನೀರಿನ ಲೆಕ್ಕ ಮಾತ್ರ ನನಗೆ ಒಲಿದುಬಿಟ್ಟಿತು. ಅಕ್ಟೋಬರ್ ಹೊತ್ತಿಗೆ ಪೆನ್ನು ಹಿಡಿಯದೆ ಬಾಯಲ್ಲೇ ಹೇಳುತ್ತಿದ್ದೆ. ಪರೀಕ್ಷೆಗೆ ಇನ್ನು ಆರು ವಾರವಿತ್ತು.

ಆ ತಿಂಗಳ ಒಂದು ಬೆಳಿಗ್ಗೆ ಮೇಷ್ಟ್ರ ಸರದಿ ಬಂತು. ಅವರ ಹಾಲು ಯಾವತ್ತೂ ಒಂದೇ ಥರ: ಫ್ಯಾಟು ನಾಲ್ಕು, ಎಸ್ಸೆನ್ನೆಫ್ಫು ಎಂಟೂವರೆ. ನೋಡದೆಯೇ ಕೂಗಬಹುದಿತ್ತು. ಅವತ್ತು ಯಂತ್ರ ಬೇರೆಯೇ ತೋರಿಸಿತು. ಕೊಳವೆ ತೊಳೆದು ಇನ್ನೊಮ್ಮೆ ಹಿಡಿದೆ. ಅದೇ ಬಂತು.

"ಫ್ಯಾಟು ನಾಕು ಪಾಯಿಂಟ್ ಒಂದು. ಎಸ್ಸೆನ್ನೆಫ್ಫು ಏಳು ಪಾಯಿಂಟ್ ಅರವತ್ತೈದು" ಅಂತ ಕೂಗಿದೆ.

ನಿಯಮದ ಪ್ರಕಾರ ಹಾಲು ವಾಪಸ್ಸು. ಅಷ್ಟು ಹೇಳಿ ಸುಮ್ಮನಾಗಿದ್ದರೆ ನನ್ನ ಮೇಲೆ ಯಾವ ತಪ್ಪೂ ಇರುತ್ತಿರಲಿಲ್ಲ. ಆದರೆ ತಲೆಯೊಳಗೆ ಲೆಕ್ಕ ಆಗಲೇ ಓಡಿಬಿಟ್ಟಿತ್ತು. ಎಂಟೂವರೆ ಇದ್ದದ್ದು ಏಳು ಪಾಯಿಂಟ್ ಅರವತ್ತೈದಾಗಿದೆ, ಅಂದರೆ ಸರಿಯಾಗಿ ಹತ್ತರಲ್ಲಿ ಒಂಬತ್ತು ಪಾಲು. ಉಳಿದ ಒಂದು ಪಾಲು ಏನು?

"ಅತ್ತಕ್ಕೆ ಒಂದ್ ಪಾಲು ನೀರು ಸಾ. ಆರು ಲೀಟ್ರಲ್ಲಿ ಆರ್ನೂರ್ ಎಮ್ಮೆಲ್ಲು" ಅಂದೆ.

ಈಗ ನೆನೆದರೆ ಮೈ ಉರಿಯುತ್ತದೆ. ಆಗ ನನಗಿದ್ದದ್ದು ಸಿಟ್ಟಲ್ಲ, ಅನುಮಾನವೂ ಅಲ್ಲ, ಖುಷಿ. ಇಷ್ಟು ಬೇಗ ಲೆಕ್ಕ ಮಾಡಿದೆನಲ್ಲ ಎಂಬ ಖುಷಿ. ಅದನ್ನು ಒಪ್ಪಿಸಿದ್ದೂ ಕಲಿಸಿದವರಿಗೇ. ಮೇಷ್ಟ್ರು ನನ್ನ ಮುಖ ನೋಡಿ ಕ್ಯಾನಿನ ಮುಚ್ಚಳ ಹಾಕಿದರು. ಹಿಂದಿನಿಂದ ಒಬ್ಬ, "ಏನ್ ಮೇಷ್ಟ್ರೇ, ಸ್ಕೂಲಲ್ಲಿ ಏಳ್ಕೊಡ್ತಿದ್ ಲೆಕ್ಕನ ಮನೇಲೂ ಸುರು ಅಚ್ಕಂಡ್ರಾ?" ಅಂದ. ಸಾಲಿಗೆ ಸಾಲೇ ನಕ್ಕಿತು. ಅವರು ತುಂಬಿದ ಕ್ಯಾನು ಹಿಡಿದುಕೊಂಡು ಆ ನಗುವಿನ ಪಕ್ಕದಲ್ಲೇ ಮನೆಗೆ ನಡೆದು ಹೋದರು.

ಒಂಬತ್ತು ಗಂಟೆಗೆ ನಾನು ಎಂದಿನಂತೆ ಹೋದೆ. ಅವರಿಗೆ ಪಾಪ ಮುಜುಗರವಾಗಿರುತ್ತದೆ, ನಾನೇ ದೊಡ್ಡ ಮನಸ್ಸು ಮಾಡಿ ಏನೂ ಆಗಿಲ್ಲವೆನ್ನುವಂತೆ ಇರಬೇಕು ಅಂದುಕೊಂಡು ಹೋದೆ. ನನ್ನ ಕೊಬ್ಬು ಯಾವ ಯಂತ್ರದಲ್ಲಿ ಅಳೆಯಬೇಕಿತ್ತೋ! ಮೇಷ್ಟ್ರು ಜಗುಲಿಯ ಮೇಲೆ ಕೂತಿದ್ದರು. ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕ ಬರೆದು ನನ್ನ ಕಡೆ ತಳ್ಳಿದರು. ಒಂದು ಹಸುವಿನ ಹಾಲಿನಲ್ಲಿ ಕೊಬ್ಬು ನಾಲ್ಕು, ಗಟ್ಟಿ ಅಂಶ ಎಂಟೂವರೆ. ಇನ್ನೊಂದು ದಿನ ಕೊಬ್ಬು ನಾಲ್ಕು ಪಾಯಿಂಟ್ ಒಂದು, ಗಟ್ಟಿ ಅಂಶ ಏಳು ಪಾಯಿಂಟ್ ಅರವತ್ತೈದು. ಸೇರಿಸಿದ ನೀರು ಎಷ್ಟು?

ಹತ್ತಕ್ಕೊಂದು ಪಾಲು ಅಂತ ಬರೆಯಲು ಹೋದವನ ಕೈ ಕೊಬ್ಬಿನ ಅಂಕಿಯ ಹತ್ತಿರ ನಿಂತಿತು. ನೀರು ಬೆರೆಸಿದರೆ ಎರಡೂ ತೆಳುವಾಗಬೇಕು. ಹತ್ತಕ್ಕೊಂದು ಪಾಲು ನೀರಿದ್ದರೆ ನಾಲ್ಕಿದ್ದ ಕೊಬ್ಬು ಮೂರು ಪಾಯಿಂಟ್ ಆರಕ್ಕೆ ಇಳಿಯಬೇಕಿತ್ತು. ಇಳಿದೇ ಇಲ್ಲ, ಕೂದಲೆಳೆಯಷ್ಟು ಏರಿದೆ. ಇದು ನೀರಲ್ಲ. ನೀರಾಗಲು ಸಾಧ್ಯವೇ ಇಲ್ಲ. ಆ ಅಂಕಿಯನ್ನು ಎಲ್ಲರಿಗಿಂತ ಮೊದಲು ನೋಡಿದವನು ನಾನು, ಗಟ್ಟಿಯಾಗಿ ಕೂಗಿದವನೂ ನಾನೇ.

"ಸಾ..." ಅಂದೆ.

"ಪರೀಕ್ಷೇಲಿ ಇಂಗ್ ಮಾಡುದ್ರೆ ಒಂದ್ ಮಾರ್ಕು ಕಟ್ಟು. ಮುಂದಿನ ಲೆಕ್ಕ ತಗಿ" ಅಂದರು ಮೇಷ್ಟ್ರು. ದನಿ ಏರಲಿಲ್ಲ, ಇಳಿಯಲಿಲ್ಲ.

ಅಮ್ಮಾವ್ರು ಮಾತ್ರ ಸುಮ್ಮನಿರಲಿಲ್ಲ. ಅವತ್ತು ತಟ್ಟೆ ತರಲಿಲ್ಲ, ಬಾಗಿಲಲ್ಲಿ ನಿಂತೇ ಹೇಳಿದರು. "ಮೊದ್ಲು ಈ ಒತ್ನಲ್ಲಿ ಅಸಿ ಉಲ್ಲು ಕುಯ್ಕಂಬರಕ್ ಓಯ್ತಿದ್ರು. ನೀನ್ ಬರಕ್ ಸುರು ಮಾಡುದ್ಮೇಲೆ ಎಲ್ಲಪ್ಪಾ ಓದಾರು? ಮಳೇಲಿ ಇತ್ಲಲ್ಲೇ ಉಲ್ಲು ಸಿಕ್ತಿತ್ತು, ಈಗ ಪಕ್ಕದ್ ಗದ್ದೇಲಿ ಕಬ್ಬು ಕಡೀತಾವ್ರೆ, ಆ ಸೋಗೆನೇ ಎಳ್ಕಂಬಂದು ಆಕ್ತಾವ್ರೆ. ಬರೀ ಸೋಗೆ ತಿಂದ್ರೆ ಅಸ ಎಂತಾ ಆಲ್ ಕೊಟ್ಟದು? ಅಷ್ಟೂ ಗೊತ್ತಾಗ್ನಿಲ್ವಾ ನಿಂಗೆ?"

ಗೊತ್ತಿರಬೇಕಿತ್ತು. ಬರೀ ಕಬ್ಬಿನ ಸೋಗೆ ತಿಂದ ಹಸುವಿನ ಹಾಲಿನಲ್ಲಿ ಗಟ್ಟಿ ಅಂಶ ಇಳಿಯುತ್ತದೆಂದು ಟೆಸ್ಟರ್ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕಬ್ಬು ಕಡಿಯುವ ಕಾಲದಲ್ಲಿ ಹಿಂದೆಯೂ ನೋಡಿದ್ದೆ. ಲೆಕ್ಕ ಕಲಿಯುವ ಮುಂಚಿನ ನಾನಾಗಿದ್ದರೆ "ಮೇಷ್ಟ್ರೇ, ಮೇವು ಏನ್ ಆಕ್ತಿದ್ದೀರಿ?" ಅಂತ ಕೇಳಿರುತ್ತಿದ್ದೆ.

ಮಧ್ಯಾಹ್ನ ಪಾಂಡವಪುರದ ನಮ್ಮ ಮನೆಗೆ ಹೋದವನು ಅಪ್ಪನಿಗೆ ಎಲ್ಲ ಹೇಳಿದೆ. ನಮ್ಮದು ಅಕ್ಕಸಾಲಿಗರ ಮನೆ. ಹಳೇ ಒಡವೆ ತಂದವರಿಗೆ ಒರೆಗಲ್ಲಿಗೆ ಉಜ್ಜಿ ಚಿನ್ನ ಎಷ್ಟು, ತಾಮ್ರ ಎಷ್ಟು ಎಂದು ಹೇಳುವುದು ಅಪ್ಪನಿಗೆ ದಿನದ ಕೆಲಸ. ಅಂಗಡಿಯಲ್ಲಿ ಬೇರೆ ಯಾರಾದರೂ ಇದ್ದರೆ ಅಪ್ಪ ಏನೂ ಹೇಳುವುದಿಲ್ಲ. ಒಡವೆಯನ್ನು ಕಾಗದದಲ್ಲಿ ಸುತ್ತಿಟ್ಟು, ಉಳಿದವರು ಹೋದಮೇಲೆ ಒಡವೆಯವರಿಗೊಬ್ಬರಿಗೇ ತಿಳಿಸುತ್ತಾರೆ. ಅವರ ಅಪ್ಪನೂ ಹಾಗೇ ಮಾಡುತ್ತಿದ್ದರಂತೆ.

"ನಾನು ಯಾವತ್ತಾದ್ರೂ ನಾಕ್ ಜನದ್ ಮುಂದೆ ಇಂತೋರ್ ಒಡವೇಲಿ ಇಷ್ಟು ತಾಮ್ರ ಅಂತ ಅಂದಿದ್ದು ಕಂಡಿದ್ದೀಯೇನ್ಲಾ? ಸರ್ಯಾಗ್ ಲೆಕ್ಕ ಮಾಡಿದ್ರೂ ಅನ್ಬಾರ್ದಾಗಿತ್ತು. ನೀನು ತಪ್ ಮಾಡ್ಕಂಡು ಅಂದ್ಬುಟ್ಟಿದ್ದೀಯ" ಅಂದರು ಅಪ್ಪ.

ಮಾರನೇ ಬೆಳಿಗ್ಗೆ ಡೇರಿ ಬಾಗಿಲು ತೆಗೆದಾಗ ಸಾಲು ರಸ್ತೆಯವರೆಗೂ ಇತ್ತು. ಮೇಷ್ಟ್ರು ಅದರಲ್ಲಿರಲಿಲ್ಲ. ನಾನು ಯಂತ್ರ ಶುರು ಮಾಡುವ ಮೊದಲು ಮೆಟ್ಟಿಲ ಮೇಲೆ ನಿಂತು ಹೇಳಿದೆ. "ನಿನ್ನೆ ಮೇಷ್ಟ್ರ ಆಲ್ನಲ್ಲಿ ನೀರಿರ್ಲಿಲ್ಲ. ಫ್ಯಾಟು ಸರ್ಯಾಗಿತ್ತು, ನಾನು ನೋಡ್ಲಿಲ್ಲ. ಮೇವು ಸಾಲ್ದೆ ಅಂಗಾಗದೆ. ತಪ್ಪು ನಂದು." ಕೂಗುವುದೇ ಕಸುಬಾದವನಿಗೆ ಅವತ್ತು ದನಿ ಹೊರಡಲು ಕಷ್ಟವಾಯಿತು. ಒಂದಿಬ್ಬರು ತಲೆಯಾಡಿಸಿದರು. "ಸರಿ ಬುಡು, ಒತ್ತಾಯ್ತದೆ, ಕ್ಯಾನ್ ಇಡ್ಕೋ" ಅಂದರು. ಮುಗಿಯಿತು ಅಂದುಕೊಂಡೆ.

ಮೇಷ್ಟ್ರು ಮತ್ತೆ ಡೇರಿಗೆ ಬರಲಿಲ್ಲ. ಅಮ್ಮಾವ್ರು ಕ್ಯಾನು ತರುತ್ತಿದ್ದರು. ಎರಡೂ ಅಂಕಿ ಬರುವವರೆಗೂ ಯಂತ್ರದ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ನಾನು ಪಾಠಕ್ಕೆ ಮುಂಚೆ ಎಂಟೂವರೆಗೇ ಹೋಗಿ ಒಂದು ಹೊರೆ ಹುಲ್ಲು ಕುಯ್ದು ಹಾಕತೊಡಗಿದೆ. ಬೇಡ ಅಂದರೂ ಬಿಡಲಿಲ್ಲ. ಅಕ್ಕಸಾಲಿಗರ ಕೈ, ಕುಡುಗೋಲು ಹಿಡಿದು ಅಭ್ಯಾಸವಿಲ್ಲ, ಮೊದಲ ವಾರವೇ ಬೆರಳು ಕುಯ್ದುಕೊಂಡೆ. ಮೂರು ವಾರದಲ್ಲಿ ಎಸ್ಸೆನ್ನೆಫ್ಫು ಎಂಟೂವರೆಗೆ ಮರಳಿತು. ಪಾಠ ಒಂದು ದಿನವೂ ತಪ್ಪಲಿಲ್ಲ. ಆ ವಿಷಯವನ್ನು ಮೇಷ್ಟ್ರು ಮತ್ತೆ ಎತ್ತಲಿಲ್ಲ, ನನಗೆ ಎತ್ತಲು ಧೈರ್ಯ ಸಾಲಲಿಲ್ಲ.

ನವೆಂಬರ್ ಕೊನೆಯ ಭಾನುವಾರ ಕಾರ್ಯದರ್ಶಿಗೆ ಯಂತ್ರ ಒಪ್ಪಿಸಿ ಮೈಸೂರಿಗೆ ಹೋಗಿ ಪರೀಕ್ಷೆ ಬರೆದೆ. ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದಿದ್ದರಿಂದ ಕೊನೆಗೆ ಒಂಬತ್ತು ಪ್ರಶ್ನೆ ಮುಟ್ಟಲಾಗಲಿಲ್ಲ. ಬಂದ ಅಂಕ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಸಾಲುತ್ತಿರಲಿಲ್ಲ, ಮೈಸೂರಿನ ಒಂದು ಕಾಲೇಜಿಗೆ ಸಾಕಾಯಿತು. ಫಲಿತಾಂಶ ಹೇಳಲು ಹೋದಾಗ ಮೇಷ್ಟ್ರು ಅಂಕಪಟ್ಟಿಯನ್ನು ಮೇಲಿಂದ ಕೆಳಗೆ ಪೂರ್ತಿ ಓದಿ, "ಪರ್ವಾಗಿಲ್ಲ ಕಣಯ್ಯ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಈಗ ನಾನು ಒಂದು ಡೇರಿ ಕಂಪನಿಯಲ್ಲಿ ನಾಗಮಂಗಲ, ಕೆ.ಆರ್.ಪೇಟೆ ಕಡೆಯ ಹಾಲು ಸಂಗ್ರಹಣೆ ನೋಡಿಕೊಳ್ಳುತ್ತೇನೆ. ಜೀಪಿನಲ್ಲೇ ಓಡಾಟ. ಹೋದ ವರ್ಷ ಬೆಳ್ಳೂರು ಕ್ರಾಸಿನ ಹೋಟೆಲೊಂದರಲ್ಲಿ ಟೀ ಕುಡಿಯುತ್ತಿದ್ದಾಗ ಎದುರಿನ ಬೆಂಚಿನವನು ನನ್ನನ್ನೇ ನೋಡಿ ಎದ್ದು ಬಂದ. ಮೇಷ್ಟ್ರ ಊರಿನವನು, ಆಗ ಡೇರಿಗೆ ಹಾಲು ಹಾಕುತ್ತಿದ್ದವನು. ಜೊತೆಯಲ್ಲಿದ್ದ ಇಬ್ಬರಿಗೆ ಹೆಮ್ಮೆಯಿಂದ ನನ್ನ ಪರಿಚಯ ಮಾಡಿಸಿದ.

"ಇವ್ರು ನಮ್ಮೂರ್ ಡೇರೀಲಿದ್ರು ಕಣ್ರಲಾ. ಬಲೇ ಕಡಕ್ಕು. ಪಾಠ ಏಳ್ಕೊಟ್ ಮೇಷ್ಟ್ರೇ ಆಲ್ಗೆ ನೀರ್ ಬೆರ್ಸಿದ್ರೂ ಬುಡ್ನಿಲ್ಲ, ಲೈನಲ್ಲೇ ಇಡ್ದಾಕ್ಬುಟ್ರು!"

ನಾನು ಲೋಟ ಕೆಳಗಿಟ್ಟೆ. "ಇಲ್ಲ ಕಣಣ್ಣ, ನೀರಿರ್ಲಿಲ್ಲ. ನನ್ ಲೆಕ್ಕ ತಪ್ಪಾಗಿತ್ತು. ಮಾರ್ನೇ ದಿನ ನಾನೇ ನಿಂತ್ಕಂಡು ಏಳುದ್ನಲ್ಲ, ನೀನೂ ಇದ್ದೆ."

ಅವನು ನಕ್ಕು ನನ್ನ ಭುಜ ತಟ್ಟಿದ. "ಗೊತ್ತು ಬುಡಿ ಸಾ. ಗುರುಗಳ ಮಾನ ಉಳ್ಸಕ್ಕೆ ಅಂಗಂದ್ರಿ. ಊರ್ಗೇ ಗೊತ್ತು ಅದು. ನಿಮ್ಮಂತೋರು ಎಲ್ ಸಿಕ್ತಾರೆ?" ಜೊತೆಯವರು ಹೌದು ಹೌದೆಂದು ತಲೆದೂಗಿದರು.

ನೀರಿರಲಿಲ್ಲ ಅಂತ ಇನ್ನೂ ಎರಡು ಸಲ ಹೇಳಿದೆ. ಫ್ಯಾಟಿನ ಅಂಕಿ ಹೇಳಿದೆ, ಸೋಗೆಯ ವಿಷಯ ಹೇಳಿದೆ. ನಾನು ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ದೊಡ್ಡವನಾಗುತ್ತಿದ್ದೆ, ಮೇಷ್ಟ್ರು ಕಳ್ಳರಾಗುತ್ತಿದ್ದರು.